ಜರ್ಮನಿಯಿಂದ ಅಮೆರಿಕಕ್ಕೆ ಹೋದ ಮುತ್ತಜ್ಜ: ಮೊದಲು ಊರು ಹುಡುಕಿ

ಅಮೆರಿಕದ ಜನಗಣತಿ ಪುಟದಲ್ಲಿ ಹುಟ್ಟಿದ ಜಾಗ ‘ಪ್ರಷ್ಯಾ’ ಅಂತಷ್ಟೇ ಇರುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕಕ್ಕೆ ಹೋದ ಜರ್ಮನ್ ಹಿರಿಯರನ್ನ ಹುಡುಕೋರು ಎಡವೋದು ಇಲ್ಲೇ. ಪ್ರಷ್ಯಾ ಆಗಿನ ದೊಡ್ಡ ಜರ್ಮನ್ ರಾಜ್ಯ. ದಾಖಲೆ ಇರೋದು ಒಂದೊಂದು ಊರಿನ ಲೆಕ್ಕದಲ್ಲಿ. ಊರಿನ ಹೆಸರು ಗೊತ್ತಾಗೋವರೆಗೂ ಜರ್ಮನ್ ದಾಖಲೆಗೆ ಕೈ ಹಾಕಬೇಡಿ. ಆ ಹೆಸರು ಸಿಗೋದು ಬಹುತೇಕ ಅಮೆರಿಕದ ಕಾಗದಗಳಲ್ಲೇ.

1900ರ ಜನಗಣತಿಯಿಂದ ಶುರು ಮಾಡಿ. ಅದರಲ್ಲಿ ವಲಸೆ ಬಂದ ವರ್ಷ ಇದೆ, ಪಕ್ಕದಲ್ಲೇ ಪೌರತ್ವದ ಕಾಲಂ. ‘ಎನ್‌ಎ’ ಅಂದ್ರೆ ಪೌರತ್ವ ಸಿಕ್ಕಿದೆ, ‘ಪಿಎ’ ಅಂದ್ರೆ ಪೌರ ಆಗೋ ಇರಾದೆ ತಿಳಿಸೋ ಮೊದಲ ಅರ್ಜಿ ಹಾಕಿದ್ದಾರೆ, ‘ಎಎಲ್’ ಅಂದ್ರೆ ಇನ್ನೂ ವಿದೇಶಿ. ವರ್ಷವನ್ನ ಮನೆಯವರು ನೆನಪಿನಿಂದ ಹೇಳಿರ್ತಾರೆ, ಹಿಂದೆ ಮುಂದೆ ಒಂದೆರಡು ವರ್ಷ ಬಿಟ್ಟುಕೊಂಡು ಹುಡುಕಿ. 1890ರದ್ದು ಹುಡುಕೋದೇ ಬೇಡ, 1921ರ ಬೆಂಕಿ ಅನಾಹುತದ ನಂತರ ಅದರಲ್ಲಿ ಉಳಿದಿರೋದು ಚೂರುಪಾರು.

ಆಮೇಲೆ ಪೌರತ್ವದ ಕಡತ. 1906ರ ಸೆಪ್ಟೆಂಬರ್ 27ಕ್ಕಿಂತ ಮುಂಚಿನದಾದ್ರೆ ಹೆಚ್ಚು ಆಸೆ ಇಟ್ಕೋಬೇಡಿ. ಯಾವ ಕೋರ್ಟಿನಲ್ಲಾದ್ರೂ ಅರ್ಜಿ ಹಾಕಬಹುದಿತ್ತು, ಮೊದಲ ಅರ್ಜಿ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆ ತರಹ), ಪೌರತ್ವ ಕೇಳೋ ಎರಡನೇದು ಇನ್ನೊಂದರಲ್ಲಿ ಇರಬಹುದು. ಎಷ್ಟೋ ಹಾಳೆಗಳಲ್ಲಿ ‘ಜರ್ಮನ್ ಚಕ್ರವರ್ತಿಗೆ ನಿಷ್ಠೆ ಬಿಟ್ಟೆ’ ಅನ್ನೋದಷ್ಟೇ ಇರುತ್ತೆ. ಆ ದಿನದಿಂದೀಚೆಗೆ ಫಾರಂ ಒಂದೇ ತರಹ ಆಯ್ತು: ಹುಟ್ಟಿದ ಊರು, ಹಡಗು, ಬಂದ ದಿನಾಂಕ ಎಲ್ಲ ಸಿಗುತ್ತೆ. ಮುತ್ತಜ್ಜಿಯ ಹೆಸರಲ್ಲಿ ಕಡತ ಸಿಗಲಿಲ್ಲ ಅಂತ ಗಾಬರಿ ಬೇಡ. 1922ರವರೆಗೆ ಹೆಂಡತಿಯ ಪೌರತ್ವ ಗಂಡನ ಜೊತೆಗೇ ಬರ್ತಿತ್ತು.

ಇವೆಲ್ಲಕ್ಕಿಂತ ನಂಬಬಹುದಾದದ್ದು ಅಮೆರಿಕದಲ್ಲಿದ್ದ ಜರ್ಮನ್ ಲೂಥರನ್ (ಪ್ರೊಟೆಸ್ಟೆಂಟ್) ಅಥವಾ ಕ್ಯಾಥೊಲಿಕ್ ಚರ್ಚಿನ ಮದುವೆ, ಶವಸಂಸ್ಕಾರದ ಪುಸ್ತಕ. ಪಾದ್ರಿಯೂ ಅದೇ ಕಡೆಯವರಾದ್ರೆ ಊರಿನ ಹೆಸರು ಸರಿಯಾಗೇ ಬರೆದಿರ್ತಾರೆ. ಮಗುವಿನ ದೀಕ್ಷಾಸ್ನಾನಕ್ಕೆ ನಿಂತ ಸಾಕ್ಷಿಗಳನ್ನೂ ಬಿಡಬೇಡಿ, ಎಷ್ಟೋ ಸಲ ಅವರು ಅದೇ ಊರಿನ ನೆಂಟರು.

ಜರ್ಮನ್ ಬಂದರುಗಳ ಹಡಗಿನ ಪಟ್ಟಿಗಳಲ್ಲಿ ಹ್ಯಾಂಬರ್ಗ್‌ನದ್ದು 1850ರಿಂದ 1934ರವರೆಗೆ ಉಳಿದಿದೆ, ಕೊನೆಗೆ ವಾಸವಿದ್ದ ಊರೂ ಅದರಲ್ಲಿದೆ. ಬ್ರೆಮೆನ್‌ನದ್ದು ಬಹುಪಾಲು ನಾಶವಾಗಿದೆ. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನ ತಪಾಸಣೆ ಮಾಡ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿ ಹೆಸರು ಬದಲಿಸಿಬಿಟ್ಟ ಅನ್ನೋ ಮಾತು ಎಲ್ಲ ಮನೆಯಲ್ಲೂ ಕೇಳಿಬರುತ್ತೆ. ಅದು ಕಟ್ಟುಕಥೆ. ಪಟ್ಟಿ ತಯಾರಾಗ್ತಿದ್ದದ್ದು ಹಡಗು ಹತ್ತೋ ಬಂದರಿನಲ್ಲಿ, ಎಲ್ಲಿಸ್ ಶುರುವಾಗಿದ್ದೂ 1892ರಲ್ಲಿ.

ಊರು ಸಿಕ್ತಾ? ‘ನಾಯ್‌ಸ್ಟಾಟ್’ ತರಹದ ಹೆಸರಿನ ಊರು ಹತ್ತಾರಿವೆ. ಜರ್ಮನ್ ಸಾಮ್ರಾಜ್ಯದ ಊರುಗಳ ಕೋಶ ‘ಮೇಯರ್ಸ್ ಗೆಜೆಟಿಯರ್’ ಆನ್‌ಲೈನಿನಲ್ಲಿದೆ, ಯಾವ ಊರು ಯಾವ ನೋಂದಣಿ ಕಚೇರಿಗೆ ಸೇರಿದ್ದು ಅಂತ ತೋರಿಸುತ್ತೆ. ಸರ್ಕಾರಿ ನೋಂದಣಿ ದೇಶಕ್ಕೆಲ್ಲ ಬಂದಿದ್ದು 1876ರಲ್ಲಿ. ಅದಕ್ಕೂ ಹಿಂದಿನದು ಚರ್ಚ್ ಪುಸ್ತಕ: ಕ್ಯಾಥೊಲಿಕ್ ಆದ್ರೆ ‘ಮಾಟ್ರಿಕುಲಾ’ ತಾಣ, ಉಚಿತ. ಪ್ರೊಟೆಸ್ಟೆಂಟ್ ಆದ್ರೆ ‘ಆರ್ಕಿಯೋನ್’, ದುಡ್ಡು ಕೊಡಬೇಕು. ಬರಹ ಕುರೆಂಟ್ ಲಿಪಿಯದು, ಅಂದ್ರೆ ಹಳೆಯ ಜರ್ಮನ್ ಕೈಬರಹ. ಅದರಲ್ಲಿ ಇ ಅಕ್ಷರ ಎನ್ ತರಹ ಕಾಣುತ್ತೆ. ‘7ಬರ್’ ಅಂತ ಇದ್ರೆ ಜುಲೈ ಅಂದ್ಕೋಬೇಡಿ, ಅದು ಸೆಪ್ಟೆಂಬರ್.

ದೀಕ್ಷಾಸ್ನಾನದ ದಾಖಲೆ ಸಿಕ್ಕ ತಕ್ಷಣ ವಂಶವೃಕ್ಷಕ್ಕೆ ಏರಿಸಬೇಡಿ. ಅದೇ ಚರ್ಚಿನ ಮರಣದ ಪುಸ್ತಕವನ್ನ ಮುಂದಿನ ಹತ್ತು ವರ್ಷದವರೆಗೂ ನೋಡಿ. ಕೂಸು ತೀರಿಹೋದ್ರೆ ಮುಂದೆ ಹುಟ್ಟಿದ ಮಗುವಿಗೂ ಅದೇ ಹೆಸರಿಡೋ ರೂಢಿ ಇತ್ತು. ಹಡಗು ಹತ್ತಿದವನು ಆ ಎರಡನೆಯವನೇ ಇರಬಹುದು.