11 ದಿನ ರಜೆ ಇದ್ದರೆ ಎವರೆಸ್ಟ್ ದಾರಿ ಬೇಡ

ನಮಸ್ಕಾರ. ಹೋದ ವಾರ ಬೆಂಗಳೂರಿನ ಗಂಡ-ಹೆಂಡತಿ ಇಬ್ಬರು ಸೇರಿ ಒಂದು ಪ್ರಶ್ನೆ ಕಳಿಸಿದ್ದರು. ಶನಿವಾರ, ಭಾನುವಾರ ಎಲ್ಲಾ ಸೇರಿ ಇಬ್ಬರಿಗೂ 11 ದಿನ ರಜೆ ಸಿಗುತ್ತದೆ. ಅಕ್ಟೋಬರ್‌ನಲ್ಲಿ ನೇಪಾಳಕ್ಕೆ ಹೋಗಬೇಕು ಅಂತ ಆಸೆ. ಎವರೆಸ್ಟ್ ಬೇಸ್ ಕ್ಯಾಂಪ್ ಮಾಡೋದಾ, ಅನ್ನಪೂರ್ಣಾ ಬೇಸ್ ಕ್ಯಾಂಪ್ ಮಾಡೋದಾ? ಕೊನೆಗೆ ಇನ್ನೊಂದು ಮಾತು ಬರೆದಿದ್ದಾರೆ: "ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇವೆ. ಎವರೆಸ್ಟ್ ದಾರಿ ನಮಗೆ ಆಗುತ್ತೆ ಅಲ್ವಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅನ್ನಪೂರ್ಣಾಕ್ಕೆ ಹೋಗಿ. ನಿಮ್ಮ ಕಾಲಿನ ಶಕ್ತಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ 1,500 ಮೀಟರ್‌ಗೂ ಜಾಸ್ತಿ ಏರಿಕೆ ಇದೆ. ಅದನ್ನು ಒಂದೇ ದಿನದಲ್ಲಿ ಮುಗಿಸಿದವರಿಗೆ ಈ ಎರಡು ದಾರಿಗಳಲ್ಲಿ ಯಾವ ದಿನದ ನಡಿಗೆಯೂ ಭಾರ ಆಗುವುದಿಲ್ಲ. ನನಗೆ ಚಿಂತೆ ಇರುವುದು ಆ 11 ದಿನದ ಬಗ್ಗೆ.

ಒಂದು ಲೆಕ್ಕ ನೋಡಿ. ಕುಮಾರ ಪರ್ವತದ ಎತ್ತರ 1,712 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಅದು 1,930. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಅಂದರೆ ಕರ್ನಾಟಕದ ಅಷ್ಟೂ ಬೆಟ್ಟಗಳನ್ನು ಹತ್ತಿ ಇಳಿದರೂ, ತೆಳುವಾದ ಗಾಳಿಯಲ್ಲಿ ನಿಮ್ಮ ಮೈ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗುವುದಿಲ್ಲ. ಎವರೆಸ್ಟ್ ದಾರಿಯಲ್ಲಿ ವಿಮಾನ ಇಳಿಯುವ ಲುಕ್ಲಾ ಊರೇ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಗಿಂತ 900 ಮೀಟರ್ ಮೇಲೆ. ನಡಿಗೆ ಇನ್ನೂ ಶುರುವೇ ಆಗಿರುವುದಿಲ್ಲ!

ಅಲ್ಲಿಂದ ಬೇಸ್ ಕ್ಯಾಂಪ್ 5,364 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಹತ್ತಿರ ಹತ್ತಿರ ಅರ್ಧ. ಒಂದು ಸಲ ಉಸಿರು ಎಳೆದುಕೊಂಡರೆ ಒಳಗೆ ಹೋಗುವ ಆಮ್ಲಜನಕವೂ ಹೆಚ್ಚು ಕಡಿಮೆ ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನಕ್ಕೆ. ಜಿಮ್‌ಗೆ ಹೋಗಿ ಅದನ್ನು ಬೇಗ ಮಾಡಿಸಲು ಆಗುವುದಿಲ್ಲ. ಮ್ಯಾರಥಾನ್ ಓಡುವವರಿಗೂ ತಲೆನೋವು ಬರುತ್ತದೆ, ಓಕರಿಕೆ ಬರುತ್ತದೆ. ಗಟ್ಟಿ ಕಾಲು ಇರುವವರಿಗೆ ಅಪಾಯ ಒಂದು ಕೈ ಜಾಸ್ತಿಯೇ ಅಂತ ನನ್ನ ಅನಿಸಿಕೆ, ಯಾಕೆಂದರೆ ಅವರು ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ.

ಪರ್ವತದ ವೈದ್ಯರು ಹೇಳುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಮೇಲೆ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ ಇರಬೇಕು. ಹಗಲಲ್ಲಿ ಮೇಲೆ ಹತ್ತಿ ಕೆಳಗೆ ಬಂದು ಮಲಗಬಹುದು, ತೊಂದರೆ ಇಲ್ಲ. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ.

ಈಗ ಹೆಚ್ಚು ಕಡಿಮೆ ಈ ಸೂತ್ರ ಹಿಡಿದು ಎವರೆಸ್ಟ್ ದಾರಿಯ ರಾತ್ರಿಗಳನ್ನು ಎಣಿಸಿ. ಮೊದಲ ರಾತ್ರಿ ಫಾಕ್ಡಿಂಗ್, 2,610. ನಾಮ್ಚೆ ಬಜಾರ್‌ನಲ್ಲಿ ಎರಡು ರಾತ್ರಿ, 3,440. ತೆಂಗ್‌ಬೋಚೆ, 3,860. ಡಿಂಗ್‌ಬೋಚೆಯಲ್ಲಿ ಮತ್ತೆ ಎರಡು ರಾತ್ರಿ, 4,410. ಲೋಬುಚೆ, 4,940. ಗೋರಕ್ ಶೆಪ್, 5,164. ಮೇಲೆ ಹೋಗುವುದಕ್ಕೇ ಎಂಟು ದಿನ ಆಯಿತು. ಇಳಿದು ಲುಕ್ಲಾ ಸೇರಲು ಮೂರು ದಿನ. ನಿಮ್ಮ 11 ದಿನ ಇಲ್ಲಿಗೇ ಮುಗಿಯಿತು. ಬೆಂಗಳೂರಿನಿಂದ ಕಠ್ಮಂಡುಗೆ ಹೋಗುವುದು, ಬರುವುದು, ಲುಕ್ಲಾ ವಿಮಾನ, ಯಾವುದೂ ಇದರಲ್ಲಿ ಸೇರಿಲ್ಲ.

ಲುಕ್ಲಾ ವಿಮಾನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರನ್‌ವೇ ಇರುವುದೇ 527 ಮೀಟರ್. ಅದೂ ಇಳಿಜಾರು. ಒಂದು ತುದಿಯಲ್ಲಿ ಗುಡ್ಡ, ಇನ್ನೊಂದು ತುದಿಯಲ್ಲಿ ಕಣಿವೆ. ಮೋಡ ಬಂತು ಅಂದರೆ ವಿಮಾನ ನಿಂತಿತು ಅಂತಲೇ ಅರ್ಥ. ಒಂದು ದಿನ ನಿಲ್ಲಬಹುದು, ಎರಡು ದಿನವೂ ನಿಲ್ಲಬಹುದು. ಮೇಲಾಗಿ ಅಕ್ಟೋಬರ್‌ನಂಥ ಸೀಸನ್‌ನಲ್ಲಿ ಹೆಚ್ಚಿನ ವಿಮಾನಗಳು ಕಠ್ಮಂಡುವಿನಿಂದ ಹೊರಡುವುದಿಲ್ಲ. ರಾಮೇಛಾಪ್ ಜಿಲ್ಲೆಯ ಮಂಥಲಿ ಅನ್ನುವ ಕಡೆಯಿಂದ ಹೊರಡುತ್ತವೆ. ಅಲ್ಲಿಗೆ ರಸ್ತೆಯಲ್ಲಿ ನಾಲ್ಕೈದು ಗಂಟೆ. ನಡುರಾತ್ರಿ ಎದ್ದು ಜೀಪು ಹತ್ತಬೇಕು. ಇದೆಲ್ಲ ಸೇರಿಸಿ, ಒಂದೆರಡು ದಿನ ಕೈಯಲ್ಲಿ ಇಟ್ಟುಕೊಂಡರೆ, ಮನೆ ಬಿಟ್ಟು ಮನೆ ಸೇರಲು 16 ಅಥವಾ 17 ದಿನ ಬೇಕು.

ಆದರೂ ಹತ್ತು, ಹನ್ನೊಂದು ದಿನದ ಎವರೆಸ್ಟ್ ಪ್ಯಾಕೇಜುಗಳನ್ನು ಮಾರುವವರಿದ್ದಾರೆ. ಹೇಗೆ ಸಾಧ್ಯ? ಎರಡು ದಾರಿ ಇದೆ. ಒಂದು, ಗೋರಕ್ ಶೆಪ್‌ನಿಂದ ಹೆಲಿಕಾಪ್ಟರ್‌ನಲ್ಲಿ ವಾಪಸ್ ಕರೆತರುವುದು. ದುಬಾರಿ, ಆದರೆ ಇಳಿಯುವ ದಿನ ಉಳಿಸಿದರೆ ಜೀವಕ್ಕೆ ಅಪಾಯ ಇಲ್ಲ. ಇನ್ನೊಂದು, ನಾಮ್ಚೆ ಅಥವಾ ಡಿಂಗ್‌ಬೋಚೆಯ ಎರಡನೇ ರಾತ್ರಿಯನ್ನು ಕಿತ್ತುಹಾಕುವುದು. ನನಗೆ ಸಿಟ್ಟು ಬರುವುದು ಇಲ್ಲಿ. ಪಟ್ಟಿಯಲ್ಲಿ ಅದು "ವಿಶ್ರಾಂತಿ ದಿನ" ಅಂತ ಕಾಣುತ್ತದೆ. ವಿಶ್ರಾಂತಿ ತಾನೇ, ನಮಗೆ ಬೇಡ, ನಡೆದುಬಿಡೋಣ ಅಂತ ಜನರೂ ಒಪ್ಪಿಬಿಡುತ್ತಾರೆ. ನಿಮ್ಮ ದೇಹ ಅತಿ ಮುಖ್ಯವಾದ ಕೆಲಸ ಮಾಡುವುದೇ ಆ ದಿನ. ಯಾವ ಕಂಪನಿಯವರೇ ಆಗಲಿ, ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾಮ್ಚೆಯಲ್ಲಿ ಎಷ್ಟು ರಾತ್ರಿ, ಡಿಂಗ್‌ಬೋಚೆ ಅಥವಾ ಅದರ ಪಕ್ಕದ ಊರು ಫೆರಿಚೆಯಲ್ಲಿ ಎಷ್ಟು ರಾತ್ರಿ? ಎರಡಕ್ಕೂ "ಎರಡು" ಅಂತ ಉತ್ತರ ಬರಲಿಲ್ಲ ಅಂದರೆ ಆ ಪ್ಯಾಕೇಜ್ ಬಿಟ್ಟುಬಿಡಿ.

ಇನ್ನು ಅನ್ನಪೂರ್ಣಾ. ಬೇಸ್ ಕ್ಯಾಂಪ್ 4,130 ಮೀಟರ್. ಪೋಖರಾದಿಂದ ಜೀಪಿನಲ್ಲಿ ಝಿನು ಹತ್ತಿರದವರೆಗೆ ಹೋಗಬಹುದು, ಅಲ್ಲಿಂದ ನಡಿಗೆ. ಛೋಮ್ರೋಂಗ್, ಸಿನುವಾ, ಬ್ಯಾಂಬೂ, ದೋಭಾನ್, ದೇವ್‌ರಾಲಿ, ಆಮೇಲೆ ಮಾಛಾಪುಛ್ರೆ ಬೇಸ್ ಕ್ಯಾಂಪ್, ಕೊನೆಗೆ ಅನ್ನಪೂರ್ಣಾ. ನಡಿಗೆಗೆ ಏಳು ದಿನ ಇಟ್ಟುಕೊಂಡರೆ ಆರಾಮ. ಹೋಗಿ ಬರುವ ಪ್ರಯಾಣ ಸೇರಿಸಿದರೂ 11 ದಿನದೊಳಗೆ ಮುಗಿಯುತ್ತದೆ, ಒಂದು ದಿನ ಮಿಕ್ಕರೂ ಮಿಕ್ಕೀತು. ಲುಕ್ಲಾದಂಥ ವಿಮಾನದ ರಗಳೆಯೇ ಇಲ್ಲ. ಕಠ್ಮಂಡುವಿನಿಂದ ಪೋಖರಾಕ್ಕೆ ವಿಮಾನ ರದ್ದಾದರೆ ಬಸ್ ಇದೆ, ದಾರಿ ಸುಮಾರು 200 ಕಿಲೋಮೀಟರ್. ದಿನ ಇನ್ನೂ ಜಾಸ್ತಿ ಇದ್ದು ದುಡ್ಡು ಕಡಿಮೆ ಇರುವವರಿಗೆ ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲಿದೆ. ಅಲ್ಲಿಂದ ಸುನೌಲಿ ಗಡಿ ದಾಟಿ ಬಸ್ಸಿನಲ್ಲಿ ಪೋಖರಾ. ವೀಸಾ ನಮಗೆ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇಟ್ಟುಕೊಳ್ಳಿ. ಆಧಾರ್ ಕಾರ್ಡ್ ಒಂದನ್ನೇ ನಂಬಿ ಹೋಗಬೇಡಿ.

"ಚಿಕ್ಕದು ಅಂದರೆ ಸುಲಭ ತಾನೇ?" ಅಂತ ಕೇಳಬಹುದು. ಅಷ್ಟು ಹಗುರವಾಗಿ ತಗೊಳ್ಳಬೇಡಿ. ಈ ದಾರಿ ಪೂರ್ತಿ ಕಲ್ಲಿನ ಮೆಟ್ಟಿಲು. ಛೋಮ್ರೋಂಗ್‌ನಿಂದ ಹೊಳೆಯವರೆಗೆ ಮೆಟ್ಟಿಲು ಇಳಿದು, ಸೇತುವೆ ದಾಟಿ, ಎದುರಿನ ಸಿನುವಾಕ್ಕೆ ಅಷ್ಟೇ ಮೆಟ್ಟಿಲು ಹತ್ತಬೇಕು. ವಾಪಸ್ ಬರುವಾಗ ಸುಸ್ತಾದ ಕಾಲಿನಲ್ಲಿ ಅದೇ ಛೋಮ್ರೋಂಗ್ ಮೆಟ್ಟಿಲುಗಳನ್ನು ಹತ್ತಬೇಕು. ಮಂಡಿ ನೋವು ಇರುವವರಿಗೆ ಎವರೆಸ್ಟ್ ದಾರಿಗಿಂತ ಇದೇ ಕಷ್ಟ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಎರಡೂ ಕೈಗೆ ಕೋಲು ಬೇಕೇ ಬೇಕು.

ಇನ್ನೊಂದು ವಿಷಯವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ದೇವ್‌ರಾಲಿ 3,230 ಮೀಟರ್. ಅಲ್ಲಿಂದ ಬೇಸ್ ಕ್ಯಾಂಪ್‌ಗೆ ಒಂದೇ ದಿನದಲ್ಲಿ ಹೋದರೆ 900 ಮೀಟರ್ ಜಿಗಿತ. ಆಗಲೇ ಹೇಳಿದ ಸೂತ್ರ ಅಲ್ಲೇ ಮುರಿಯಿತು. ಆ ರಾತ್ರಿ ತಲೆ ಸಿಡಿಯುತ್ತಾ, ಊಟ ಬೇಡ ಅಂತ ಹೊದ್ದು ಮಲಗಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನಡುವೆ 3,700 ಮೀಟರ್‌ನಲ್ಲಿರುವ ಮಾಛಾಪುಛ್ರೆ ಬೇಸ್ ಕ್ಯಾಂಪ್‌ನಲ್ಲಿ ಒಂದು ರಾತ್ರಿ ನಿಲ್ಲಿ. ಬೆಳಗಿನ ಜಾವ ಎದ್ದು ಎರಡು ಗಂಟೆ ನಿಧಾನಕ್ಕೆ ನಡೆದರೆ ಅನ್ನಪೂರ್ಣಾ. ನಿಮ್ಮ 11 ದಿನದಲ್ಲಿ ಇದಕ್ಕೆ ಜಾಗ ಇದೆ.

ಹಿಮಕುಸಿತದ ಭಯವೂ ಇದೆ. ದೇವ್‌ರಾಲಿ ಸುತ್ತಮುತ್ತ ಕಣಿವೆ ಬಹಳ ಕಿರಿದು. 2020ರ ಜನವರಿಯಲ್ಲಿ ಅಲ್ಲಿ ಹಿಮ ಕುಸಿದು ದಕ್ಷಿಣ ಕೊರಿಯಾದ ನಾಲ್ವರು, ನೇಪಾಳದ ಮೂವರು ತೀರಿಕೊಂಡರು. ಅಕ್ಟೋಬರ್‌ನಲ್ಲಿ ಅಪಾಯ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತ ನೆನಪಿದೆಯಾ? ಅದರ ತೇವವೇ ಹಿಮಾಲಯಕ್ಕೆ ಹೋಗಿ, ಇದೇ ಅನ್ನಪೂರ್ಣಾ ಸೀಮೆಯ ಥೋರೋಂಗ್ ಲಾ ಅನ್ನುವ ಎತ್ತರದ ಕಣಿವೆದಾರಿಯ ಕಡೆ ಹಿಮವಾಗಿ ಸುರಿಯಿತು. 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಅಂತ ಸುದ್ದಿ ಬಂದರೆ, ಎಲ್ಲಿದ್ದೀರೋ ಅಲ್ಲೇ ಎರಡು ದಿನ ಕೂತುಬಿಡಿ.

ಈ ಮಾತು ಬಂದಾಗ 2024ರ ಜೂನ್ ನೆನಪಾಗದೆ ಇರುವುದಿಲ್ಲ. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ಚಾರಣಿಗರು ಹೋಗಿಬಿಟ್ಟರು. ಹೆಚ್ಚಿನವರು ನಮ್ಮ ಬೆಂಗಳೂರಿನವರು, ಬೆಟ್ಟ ಹತ್ತಿ ಅನುಭವ ಇದ್ದವರು. ಅವರ ಬಗ್ಗೆ ಇಲ್ಲಿ ಕೂತು ತೀರ್ಪು ಕೊಡುವ ಹಕ್ಕು ನನಗಿಲ್ಲ. ಆವತ್ತಿನಿಂದ ನಮ್ಮ ಮನೆಗಳಲ್ಲಿ "ಹಿಮಾಲಯ" ಅಂದ ಕೂಡಲೇ ಅಮ್ಮಂದಿರು ಸುಮ್ಮನಾಗಿಬಿಡುತ್ತಾರೆ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಅವರಿಗೆ ನಿಮ್ಮ ರಾತ್ರಿಗಳ ಪಟ್ಟಿ ತೋರಿಸಿ. ಯಾವ ದಿನ ಯಾವ ಊರು, ಎಷ್ಟು ಎತ್ತರ, ಯಾವ ದಿನ ಸುಮ್ನೆ ಕೂರುತ್ತೀರಿ, ಎಲ್ಲಾ ಹೇಳಿ.

ನೋಟದ ವಿಷಯಕ್ಕೆ ಬರೋಣ. ಎವರೆಸ್ಟ್ ಬೇಸ್ ಕ್ಯಾಂಪ್‌ನಲ್ಲಿ ನಿಂತರೆ ಎವರೆಸ್ಟ್ ತುದಿ ಕಾಣುವುದಿಲ್ಲ. ಅದನ್ನು ನೋಡಲು ಕಾಲಾ ಪತ್ಥರ್ ಹತ್ತಬೇಕು, 5,500 ಮೀಟರ್‌ಗೂ ಮೇಲೆ, ಸಾಮಾನ್ಯವಾಗಿ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ. ಅಷ್ಟು ದೂರ ಹೋಗಿ, ತಲೆನೋವು ಅಂತ ಅದನ್ನು ಬಿಟ್ಟು ಬರುವವರು ಎಷ್ಟೋ ಜನ. ಅನ್ನಪೂರ್ಣಾದಲ್ಲಿ ಹಾಗಲ್ಲ. ಕ್ಯಾಂಪಿನ ಅಂಗಳದಲ್ಲಿ ನಿಂತರೆ ಸುತ್ತಲೂ ಬೆಟ್ಟ. ಎದುರಿಗೆ 8,091 ಮೀಟರ್‌ನ ಅನ್ನಪೂರ್ಣಾದ ದಕ್ಷಿಣ ಗೋಡೆ, ಪಕ್ಕದಲ್ಲಿ ಅನ್ನಪೂರ್ಣಾ ಸೌತ್, ಹಿಯುಂಚುಲಿ, ಹಿಂದೆ ಮಾಛಾಪುಛ್ರೆ. ಮನುಷ್ಯ ಹತ್ತಿದ ಮೊದಲ ಎಂಟು ಸಾವಿರ ಮೀಟರ್ ಶಿಖರ ಇದೇ ಅನ್ನಪೂರ್ಣಾ. 1950ರ ಜೂನ್ 3ರಂದು ಫ್ರಾನ್ಸಿನ ಮೋರಿಸ್ ಹರ್ಜೋಗ್, ಲೂಯಿ ಲಾಶನಾಲ್ ಉತ್ತರದ ಕಡೆಯಿಂದ ಹತ್ತಿದರು. ನಮಗೆ ಕಾಣುವ ಈ ದಕ್ಷಿಣ ಗೋಡೆಯನ್ನು ಹತ್ತಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಮಾಛಾಪುಛ್ರೆಯನ್ನು ಹತ್ತಲು ಇವತ್ತಿಗೂ ಅನುಮತಿ ಇಲ್ಲ. ಸ್ಥಳೀಯರಿಗೆ ಅದು ದೇವರ ಬೆಟ್ಟ. ಆ ಕಣಿವೆಗೆ ಮಾಂಸ ತರಬೇಡಿ ಅಂತ ಗುರುಂಗ್ ಜನ ದಾರಿಯಲ್ಲೇ ಫಲಕ ಹಾಕಿದ್ದಾರೆ. ದಯವಿಟ್ಟು ಅದನ್ನು ಪಾಲಿಸಿ. ಬಿಸಿ ಬಿಸಿ ಅನ್ನ, ಬೇಳೆ, ತರಕಾರಿ ಸಿಗುತ್ತದೆ, ಮತ್ತೆ ಮತ್ತೆ ಬಡಿಸುತ್ತಾರೆ. ನಡೆಯುವವರಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ.

"ಎವರೆಸ್ಟ್" ಅನ್ನುವ ಹೆಸರಿಗೆ ತೂಕ ಜಾಸ್ತಿ, ಒಪ್ಪುತ್ತೇನೆ. ಆಫೀಸಿನಲ್ಲಿ ಹೇಳಿಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ. ಎವರೆಸ್ಟ್ ದಾರಿ ಸಾಗುವ ಖುಂಬು ಕಣಿವೆ ನನಗೂ ಬಹಳ ಇಷ್ಟ. ನಾಮ್ಚೆಯ ಸಂತೆ, ತೆಂಗ್‌ಬೋಚೆಯ ಮಠ, ಎದುರಿಗೆ ಅಮಾ ದಬ್ಲಮ್ ಶಿಖರ, ಇವನ್ನೆಲ್ಲ ಓಡಿಕೊಂಡು ನೋಡಬಾರದು. 17 ದಿನ ಸಿಕ್ಕಾಗ ಹೋಗಿ. ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕ್ಕ ಆಸ್ಪತ್ರೆ ಇದೆ. ಎತ್ತರದ ಕಾಯಿಲೆ ಬಗ್ಗೆ ಅಲ್ಲಿನ ವೈದ್ಯರು ಸೀಸನ್‌ನಲ್ಲಿ ಚಾರಣಿಗರಿಗೆ ತಿಳಿಹೇಳುತ್ತಾರೆ. ಅದನ್ನು ಕೂತು ಕೇಳುವಷ್ಟು ಪುರುಸೊತ್ತು ಇಟ್ಟುಕೊಂಡು ಹೋಗಿ. ಅನ್ನಪೂರ್ಣಾದಲ್ಲಿ 4,000 ಮೀಟರ್ ನಿಮ್ಮ ಮೈಗೆ ಹೇಗೆ ಅನಿಸಿತು ಅನ್ನುವುದು ಆಗ ನಿಮಗೆ ಗೊತ್ತಿರುತ್ತದೆ, ಅದೂ ಕೆಲಸಕ್ಕೆ ಬರುತ್ತದೆ.

ಈಗ ತಯಾರಿ. ವಾರಕ್ಕೆ ನಾಲ್ಕು ದಿನ ಮೆಟ್ಟಿಲು ಹತ್ತಿ, ಹತ್ತಿದಷ್ಟೇ ಇಳಿಯಿರಿ. ಲಿಫ್ಟ್‌ನಲ್ಲಿ ಇಳಿಯಬೇಡಿ, ಮಂಡಿಗೆ ಅಭ್ಯಾಸ ಆಗುವುದು ಇಳಿಯುವಾಗಲೇ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ತಗೊಳ್ಳಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ ಆಗುತ್ತದೆ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಅಂತ ಓದಿ ನೋಡಿ. ಮಳೆಗಾಲದಲ್ಲಿ ಮಾತ್ರ ಈ ದಾರಿಗೆ ಹೋಗಬೇಡಿ, ನಮ್ಮ ಮಲೆನಾಡಿನ ಹಾಗೇ ಇಂಬಳ ಮುತ್ತಿಕೊಳ್ಳುತ್ತವೆ.

ಮೇಲೆ ಹೋದಾಗ ಇಬ್ಬರಲ್ಲಿ ಯಾರಿಗಾದರೂ ತಲೆನೋವಿನ ಜೊತೆ ಓಕರಿಕೆ ಬಂದರೆ ಮತ್ತೆ ಮೇಲೆ ಹತ್ತಬೇಡಿ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಕೂಡಲೇ ಕೆಳಗೆ ಇಳಿಯಿರಿ. ಇಬ್ಬರೂ ಒಟ್ಟಿಗೆ ಇಳಿಯಿರಿ, ಜೊತೆಗೆ ಗೈಡ್ ಇರಲಿ. ಒಬ್ಬರನ್ನು ಟೀ ಹೌಸಿನಲ್ಲಿ (ದಾರಿಯ ವಸತಿಗೃಹದಲ್ಲಿ) ಮಲಗಿಸಿ ಇನ್ನೊಬ್ಬರು ಬೇಸ್ ಕ್ಯಾಂಪ್ ನೋಡಿ ಬರುವುದು ಬೇಡ. ಹೊರಡುವ ಮೊದಲೇ, ಇಲ್ಲಿ ಮನೆಯಲ್ಲಿ ಕೂತು, ಈ ಮಾತನ್ನು ಇಬ್ಬರೂ ಒಪ್ಪಿಕೊಂಡಿರಿ.