ಬೆರಳಿಗಿಂತ ಮೊದಲು ಕಿವಿ

(ದಾವಣಗೆರೆಯಲ್ಲಿ ಕ್ರೈಸ್ತ ಯುವಜನರು ಮತ್ತು ಗಾಯನ ತಂಡದವರು ಸೇರಿದ್ದ ಕೂಟದಲ್ಲಿ ಮಾಡಿದ ಉಪನ್ಯಾಸ)

ಸಭಾಪಾಲಕರಿಗೆ, ಹಿರಿಯರಿಗೆ, ಹೊರಗಡೆಯಿಂದ ಮಂಡಕ್ಕಿ ಮಿರ್ಚಿಯ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕೂತಿರುವ ಯುವಕ ಯುವತಿಯರಿಗೆ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ‘ನಂಬಿಕೆಯಲ್ಲಿ ಬೆಳೆಯುವುದು’. ಬೆಳೆಯಬೇಕು ಅಂತ ಹೇಳುವುದಕ್ಕೆ ಉಪನ್ಯಾಸ ಬೇಕಿಲ್ಲ, ಅದನ್ನು ಪ್ರತಿ ಭಾನುವಾರ ಕೇಳುತ್ತೀರಿ. ನಿಮ್ಮ ವಯಸ್ಸಿನವರು ಕೇಳುವ ಪ್ರಶ್ನೆ ಬೇರೆ. ‘ನಾನು ಬೆಳೀತಾ ಇದ್ದೀನೋ ಇಲ್ಲವೋ ಗೊತ್ತಾಗೋದು ಹೇಗೆ? ದೃಢೀಕರಣದ ದಿನ, ಅಂದರೆ ಸಭೆಯ ಮುಂದೆ ನನ್ನ ನಂಬಿಕೆಯನ್ನು ನಾನೇ ಒಪ್ಪಿಕೊಂಡ ದಿನ, ಇದ್ದ ಉತ್ಸಾಹ ಈಗಿಲ್ಲ. ನಿಜ ಹೇಳಬೇಕೆಂದರೆ ಮೊದಲಿಗಿಂತ ಕೆಟ್ಟೋನಾಗಿದ್ದೀನಿ ಅನ್ನಿಸುತ್ತೆ.’ ಈ ಮಾತನ್ನು ಹಿಡಿದೇ ಮಾತಾಡುತ್ತೇನೆ. ನಾನು ದೇವಶಾಸ್ತ್ರ ಓದಿದವನಲ್ಲ. ಹುಡುಗರಿಗೆ ಹಾರ್ಮೋನಿಯಂ ಹೇಳಿಕೊಡುವವನು. ಹಾಗಾಗಿ ಪೇಟಿಯ ದಾರಿಯಿಂದಲೇ ಬರುತ್ತೇನೆ. ಪೇಟಿಯ ಕೀಲಿಗಳಿಗೆ ನಾವು ಮನೆ ಅನ್ನುತ್ತೇವೆ, ಗಾಳಿ ಊದುವ ಭಾಗಕ್ಕೆ ತಿದಿ. ಹೆದರಬೇಡಿ, ‘ತಿದಿ ಅಂದರೆ ಪವಿತ್ರಾತ್ಮ, ಬಿಳಿ ಮನೆ ಅಂದರೆ ಪುಣ್ಯ, ಕರಿ ಮನೆ ಅಂದರೆ ಪಾಪ’ ಎಂದು ಒಂದೊಂದಕ್ಕೂ ಅರ್ಥ ಹಚ್ಚುತ್ತಾ ಹೋಗುವುದಿಲ್ಲ. ಕರಿ ಮನೆ ಇಲ್ಲದೆ ಭೈರವ್ ರಾಗ ನುಡಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ ಆ ಪ್ರಸಂಗ ಅಲ್ಲಿಗೇ ಮುಗಿಯುತ್ತದೆ.

ಈ ಪೇಟಿಗೂ ನಮಗೂ ಒಂದು ನಂಟಿದೆ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದ ವಾದ್ಯ ಇದು. ಪಾದ್ರಿಗಳ ಜೊತೆ, ಸಾಹೇಬರ ಜೊತೆ ಹಡಗು ಹತ್ತಿ ಬಂತು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ಅದನ್ನು ಮಾರ್ಪಡಿಸಿದವರು ಕಲ್ಕತ್ತಾದ ದ್ವಾರಕಾನಾಥ ಘೋಷ್, 1875ರ ಸುಮಾರಿಗೆ. ಆದರೂ ‘ಇದು ಪರದೇಶದ್ದು, ಇದರಲ್ಲಿ ಗಮಕ ಬರಲ್ಲ, ಮೀಂಡ್ ಬರಲ್ಲ’ ಎಂಬ ದೂರು ತಪ್ಪಲಿಲ್ಲ. ಸ್ವರವನ್ನು ಆಡಿಸುವುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಇದರಲ್ಲಿ ಆಗದು ಅಂತ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಅದು ಅರ್ಧ ತೆರೆಯುವುದಕ್ಕೇ 1971 ಬರಬೇಕಾಯಿತು. ಅಷ್ಟು ಹೊತ್ತಿಗೆ ನಮ್ಮ ಕಡೆ ಕಂಪನಿ ನಾಟಕ ಅಂದರೆ ಪೇಟಿ ಮಾಸ್ತರು ಎನ್ನುವ ಮಟ್ಟಕ್ಕೆ ಆಗಿತ್ತು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ದಾವಣಗೆರೆಯದೇ. ಭಜನೆಯಲ್ಲೂ ಪೇಟಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲೂ ಪೇಟಿ. ಪುಟ್ಟರಾಜ ಗವಾಯಿಗಳ ಕೈಯಲ್ಲಿ ಅದನ್ನು ಕೇಳಿದವರು ಯಾರೂ ಪರದೇಶದ್ದು ಅನ್ನಲಾರರು. ಕ್ರೈಸ್ತ ನಂಬಿಕೆ ನಮ್ಮದಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ಜಗಳಕ್ಕೆ ನಿಲ್ಲಬೇಡಿ. ಕೂತು ಚೆನ್ನಾಗಿ ಅಭ್ಯಾಸ ಮಾಡಿ.

ಇನ್ನು ಅಭ್ಯಾಸದ ಮಾತು. ಸ್ವರಗಳನ್ನು ಹಿಂದೆ ಮುಂದೆ ತಿರುಗಿಸಿ ನುಡಿಸುವ ಮೊದಲ ಪಾಠಕ್ಕೆ ಹರಿಹರದ ಹೊಳೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಪಲ್ಟಾ ಅನ್ನುತ್ತಾರೆ, ಇತ್ತ ಮೈಸೂರು ಸೀಮೆಗೆ ಇಳಿದರೆ ಸರಳೆ ವರಸೆ, ಜಂಟಿ ವರಸೆ. ನಾವು ನಡುವಿನವರು, ಎರಡಕ್ಕೂ ಬೈಸಿಕೊಂಡವರು. ಹೆಸರು ಯಾವುದಾದರೂ ಇರಲಿ, ಮೊದಲ ತಿಂಗಳು ಬೇಜಾರಿನದು. ಬಂದ ಹುಡುಗ ಎರಡನೇ ದಿನವೇ ‘ಹಾಡು ಯಾವಾಗ ಮಾಸ್ತರ್?’ ಅಂತಾನೆ. ಈಗ ಮೊಬೈಲಿನಲ್ಲಿ ಮನೆಗಳಿಗೆ ಬಣ್ಣ ಹಚ್ಚಿ ತೋರಿಸುವ ವಿಡಿಯೋಗಳಿವೆ. ಇದನ್ನೊತ್ತು, ಅದನ್ನೊತ್ತು, ಹಾಡು ಬಂತು. ಕ್ರಿಸ್ಮಸ್ಸಿಗೆ ಒಂದು ಹಾಡು ನುಡಿಸಿ ಚಪ್ಪಾಳೆಯನ್ನೂ ಗಿಟ್ಟಿಸುತ್ತಾನೆ. ಆದರೆ ಹಾಡುವವರು ‘ಇವತ್ತು ಗಂಟಲು ಸರಿಯಿಲ್ಲ, ಶ್ರುತಿ ಬಿಳಿ ನಾಲ್ಕು ಬೇಡ, ಇಳಿಸಿ ಕರಿ ಎರಡಕ್ಕೆ ಹಿಡಿ’ ಅಂದರೆ ಮುಗಿಯಿತು, ಕೈ ಕಟ್ಟಿ ಕೂರುತ್ತಾನೆ. ಅವನು ಕಲಿತದ್ದು ಹಾಡನ್ನಲ್ಲ, ಹನ್ನೆರಡು ಮನೆಗಳ ಜಾಗವನ್ನು.

ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ಬೈಬಲ್ ವಚನ ಹಾಕುವ ನಂಬಿಕೆ ಇಂಥದ್ದು. ವಚನ ತಪ್ಪಲ್ಲ. ಆದರೆ ಬದುಕು ಶ್ರುತಿ ಬದಲಿಸಿತು ಎನ್ನಿ: ಅಪ್ಪನ ಕೆಲಸ ಹೋಯಿತು, ಪರೀಕ್ಷೆ ಫೇಲಾಯಿತು, ಆಸ್ಪತ್ರೆಯಲ್ಲಿ ಯಾರೋ ಉಳಿಯಲಿಲ್ಲ. ಆಗ ಆ ವಚನ ಕೈಗೆ ಸಿಗುವುದಿಲ್ಲ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ, ಅಂದರೆ ಪತ್ರದ, ಐದನೇ ಅಧ್ಯಾಯ ಓದಿ ನೋಡಿ. ಇಷ್ಟು ಕಾಲಕ್ಕೆ ನೀವೇ ಬೋಧಕರಾಗಿರಬೇಕಿತ್ತು, ನಿಮಗೆ ಮತ್ತೆ ಮೊದಲ ಪಾಠವನ್ನೇ ಹೇಳಿಕೊಡಬೇಕಾಗಿದೆ ಎಂದು ಬರೆದವನು ಬೇಸರ ಪಡುತ್ತಾನೆ. ಸಂಗೀತದ ಮಾಸ್ತರರೆಲ್ಲರೂ ಮನಸಾರೆ ಒಪ್ಪುವ ವಾಕ್ಯ ಅದು! ಆದರೆ ಅದೇ ಅಧ್ಯಾಯದ ಕಡೆಯ ವಾಕ್ಯವನ್ನು ನಾವು ಓದಿ ದಾಟಿಬಿಡುತ್ತೇವೆ. ಬೆಳೆದವರು ಯಾರು? ಹೆಚ್ಚು ವಚನ ಬಾಯಿಪಾಠ ಮಾಡಿದವರು ಅಂತಿಲ್ಲ, ಹೆಚ್ಚು ಉತ್ಸಾಹ ಇರುವವರು ಅಂತಲೂ ಇಲ್ಲ. ಅಭ್ಯಾಸದಿಂದ ಇಂದ್ರಿಯಗಳು ಪಳಗಿ, ಇದು ಒಳ್ಳೆಯದು ಇದು ಕೆಟ್ಟದ್ದು ಎಂದು ಬೇರ್ಪಡಿಸಬಲ್ಲವರು.

ನಾನು ಹೇಳಬೇಕಾಗಿರುವುದು ಇಲ್ಲಿದೆ. ವಾದ್ಯ ಕಲಿಯುವವನಲ್ಲಿ ಮೊದಲು ಬೆಳೆಯುವುದು ಬೆರಳಲ್ಲ, ಕಿವಿ.

ಹೊಸದಾಗಿ ಬಂದ ಹುಡುಗ ಗಾಂಧಾರದ ಬದಲು ಕೋಮಲ ಗಾಂಧಾರ ಒತ್ತಿರುತ್ತಾನೆ, ಅವನಿಗೆ ಗೊತ್ತೇ ಆಗುವುದಿಲ್ಲ. ಎಡಗೈ ತಿದಿಯನ್ನು ಎಳೆದೆಳೆದು ಹಾಕಿ ಸ್ವರ ಬಿಕ್ಕಳಿಸುತ್ತಿರುತ್ತದೆ, ಅದೂ ಕೇಳಿಸುವುದಿಲ್ಲ. ಖುಷಿಯಾಗಿ ಮನೆಗೆ ಹೋಗುತ್ತಾನೆ. ವರ್ಷ ಕಳೆದ ಮೇಲೆ ಅದೇ ಹುಡುಗ ಮುಖ ಸಪ್ಪೆ ಮಾಡಿಕೊಂಡು ಬಂದು, ‘ಮಾಸ್ತರ್, ದಿನದಿಂದ ದಿನಕ್ಕೆ ಕೆಟ್ಟದಾಗಿ ನುಡಿಸ್ತಾ ಇದೀನಿ’ ಅಂತಾನೆ. ನಿಜಕ್ಕೂ ಮೊದಲಿಗಿಂತ ಎಷ್ಟೋ ಚೆನ್ನಾಗಿ ನುಡಿಸುತ್ತಿರುತ್ತಾನೆ. ಬೆರಳು ಒಂದು ಗೇಣು ಮುಂದೆ ಬಂದಿದೆ, ಕಿವಿ ಒಂದು ಮಾರು ಮುಂದೆ ಹೋಗಿದೆ. ನಡುವಿನ ಆ ಅಂತರವೇ ಅವನಿಗೆ ನೋವು ಕೊಡುತ್ತಿರುವುದು. ಕಲಿಸುವವನಿಗೆ ಅಂದು ಒಳಗೊಳಗೇ ಸಂತೋಷ. ಈ ಹುಡುಗ ನಿಲ್ಲುತ್ತಾನೆ ಎಂದು ಗೊತ್ತಾಗುವುದು ಅವತ್ತೇ.

ಆದಿ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನನ್ನೇ ನೋಡಿ. ಕೊರಿಂಥದವರಿಗೆ ಬರೆಯುವಾಗ ‘ನಾನು ಅಪೊಸ್ತಲರಲ್ಲಿ ಕನಿಷ್ಠನು’ ಅಂತಾನೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ‘ದೇವಜನರೆಲ್ಲರಲ್ಲಿ ಅತ್ಯಲ್ಪನು’. ತಿಮೊಥೆಯನಿಗೆ ಬರೆದದ್ದರಲ್ಲಿ ‘ಪಾಪಿಗಳಲ್ಲಿ ನಾನೇ ಮುಖ್ಯನು’. ಪತ್ರಿಕೆಗಳು ಸಾಗಿದ ಹಾಗೆ ಪದವಿ ಇಳಿಯುತ್ತಾ ಹೋಗುತ್ತದೆ! ಪೌಲ ದಿನೇ ದಿನೇ ಕೆಟ್ಟುಹೋದ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲವಲ್ಲ. ಕಿವಿ ಬೆಳೆಯಿತು.

ಹಾಗಾಗಿ ‘ನಾನು ಮೊದಲಿಗಿಂತ ಕೆಟ್ಟೋನಾಗಿದ್ದೀನಿ’ ಅಂದವರನ್ನು ನಾನು ತಿರುಗಿ ಕೇಳುವುದಿದೆ: ಏನು ಕೇಳಿಸ್ತಾ ಇದೆ ನಿನಗೆ? ಹಾಸಿಗೆಯಲ್ಲಿದ್ದುಕೊಂಡು ಫೋನಿನಲ್ಲಿ ‘ದಾರೀಲಿದೀನಿ’ ಅಂದದ್ದು ಈಗ ಚುಚ್ಚುತ್ತಿದೆಯೇ? ಮೊದಲು ಚುಚ್ಚುತ್ತಿರಲಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೂಕದಲ್ಲಿ ಒಂದಿಷ್ಟು ಆಚೀಚೆ ಮಾಡುವುದು ವ್ಯಾಪಾರದ ಮಾಮೂಲು ಅನ್ನಿಸಿತ್ತು, ಈಗ ಊಟ ಸೇರುತ್ತಿಲ್ಲವೇ? ಒಳ್ಳೆಯದು. ಇನ್ನೊಂದು ಹೇಳುತ್ತೇನೆ, ಹಿರಿಯರು ಸಿಟ್ಟಾಗಬಾರದು. ನಮ್ಮ ಸಭೆಗಳಲ್ಲಿ ಮದುವೆಯ ಮಾತು ಬಂದಾಗ ‘ಅವರು ಮೊದಲು ಯಾವ ಜನ?’ ಎಂದು ಮೆಲ್ಲಗೆ ವಿಚಾರಿಸುತ್ತೇವಲ್ಲ. ಕ್ರಿಸ್ತನಲ್ಲಿ ಎಲ್ಲರೂ ಒಂದು ಎಂದು ಬೆಳಿಗ್ಗೆ ಹಾಡಿ, ಸಂಜೆ ಹಾಗೆ ವಿಚಾರಿಸುವುದು ಅಪಸ್ವರ. ಅದು ನಮಗೆ ಇನ್ನೂ ಕೇಳಿಸುತ್ತಿಲ್ಲ. ಅದು ಕೇಳಿಸುವ ದಿನ ಸಭೆ ಬೆಳೆದಿದೆ ಅನ್ನುತ್ತೇನೆ, ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಎದ್ದ ದಿನವಲ್ಲ.

ಬೆಳೆದ ಕಿವಿಯ ಅಪಾಯವನ್ನೂ ಹೇಳಿಬಿಡಬೇಕು. ಎರಡು ವರ್ಷ ಕಲಿತವನಷ್ಟು ದೊಡ್ಡ ವಿಮರ್ಶಕ ಈ ಲೋಕದಲ್ಲಿಲ್ಲ. ಯಾರದೇ ಕಛೇರಿಗೆ ಹೋದರೂ ತಪ್ಪು ಎಣಿಸುತ್ತಾ ಕೂರುತ್ತಾನೆ. ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿ ತನ್ನ ಧರ್ಮನಿಷ್ಠೆಗೆ ತಾನೇ ಬೀಗುವ ಫರಿಸಾಯನಿಗೆ ಒಳ್ಳೆಯ ಕಿವಿಯಿತ್ತು, ಆದರೆ ಅದು ಪಕ್ಕದಲ್ಲಿ ನಿಂತಿದ್ದ ಸುಂಕದವನ ಕಡೆಗೇ ತಿರುಗಿತ್ತು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಸಭೆಯಲ್ಲೂ ಒಂದೆರಡು ಮುಖ ನಿಮ್ಮ ಕಣ್ಣೆದುರು ಬಂದಿರುತ್ತವೆ, ಬೇರೆಯವರ ಕಣ್ಣೆದುರು ನಮ್ಮ ಮುಖ.

ಸರಿ, ಉತ್ಸಾಹ ಆರಿಹೋದ ದಿನಗಳಲ್ಲಿ ಏನು ಮಾಡುವುದು? ಪ್ರಾರ್ಥನೆಗೆ ಕೂತರೆ ಗೋಡೆಗೆ ಮಾತಾಡಿದ ಹಾಗೆ ಅನ್ನಿಸುತ್ತದೆ, ನಂಬಿಕೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹಳೆ ಮೈಸೂರು ಸೀಮೆಯ ಅನೇಕ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. ಆ ಹೆಸರಿಗೆ ಕಾರಣನಾದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯ ಕಥೆಯನ್ನೇ ಕೇಳಿ. 1738ರ ಮಾರ್ಚ್. ಪಾದ್ರಿಯಾಗಿ ಹತ್ತು ವರ್ಷವಾಗಿದೆ, ಅಮೆರಿಕಕ್ಕೂ ಹೋಗಿ ಸೋತು ಬಂದಿದ್ದಾನೆ. ತನಗೇ ನಂಬಿಕೆಯಿಲ್ಲ, ಇನ್ನು ಬೋಧಿಸುವುದು ಹೇಗೆ, ನಿಲ್ಲಿಸಿಬಿಡಲೇ ಎಂದು ಪೀಟರ್ ಬ್ಯೋಲರ್ ಎಂಬ, ಮೊರೇವಿಯನ್ ಕ್ರೈಸ್ತ ಪಂಗಡದ ಗೆಳೆಯನನ್ನು ಕೇಳುತ್ತಾನೆ. ಬ್ಯೋಲರ್ ಬೇಡ ಅಂದ. ನಂಬಿಕೆ ಬರುವ ತನಕ ಅದನ್ನು ಬೋಧಿಸು, ಬಂದ ಮೇಲೆ ಬಂದದ್ದರಿಂದ ಬೋಧಿಸುವೆ ಅಂದ. ಪೇಟಿ ಮಾಸ್ತರು ಹೇಳುವುದೂ ಇದನ್ನೇ: ರಾಗದ ಭಾವ ಬರುವ ತನಕ ರಾಗದ ಸ್ವರ ಬಿಡಬೇಡ. ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ವೆಸ್ಲಿಯ ಎದೆ ಬೆಚ್ಚಗಾಯಿತು. ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಅವನ ದಿನಚರಿ ನಿಲ್ಲಿಸುವುದಿಲ್ಲ. ಅದೇ ರಾತ್ರಿ ಮನೆಗೆ ಬಂದ ಮೇಲೆ ಶೋಧನೆಗಳು ಮತ್ತೆ ಮೇಲೆರಗಿದವು ಎಂದು ಬರೆದಿದ್ದಾನೆ.

ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಪತ್ರಗಳು ಪ್ರಕಟವಾದವು. ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯ ಅನುಭವಕ್ಕೇ ಬಂದಿರಲಿಲ್ಲ. ಬೆಳಗಿನ ಪ್ರಾರ್ಥನೆ ಬಿಡಲಿಲ್ಲ, ರಸ್ತೆಯಲ್ಲಿ ಬಿದ್ದವರನ್ನು ಎತ್ತುವುದನ್ನೂ ಬಿಡಲಿಲ್ಲ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋದಾಗ ಆ ಜನಸಾಗರದಲ್ಲಿ ಎಲ್ಲರ ನಂಬಿಕೆಯೂ ಏರುಶ್ರುತಿಯಲ್ಲಿರುತ್ತದೆ. ಅದು ಬೇಕು, ಹಬ್ಬವಿಲ್ಲದ ವರ್ಷ ವರ್ಷವೇ ಅಲ್ಲ. ಆದರೆ ಸೆಪ್ಟೆಂಬರ್ 9 ಬರುತ್ತದಲ್ಲ? ಒಂಬತ್ತನೇ ತಾರೀಕಿನವರಿಗೆ ಮಾರ್ಕನ ಸುವಾರ್ತೆಯಲ್ಲಿ ಒಬ್ಬ ತಂದೆ ಒಂದು ಸಾಲಿನ ಪ್ರಾರ್ಥನೆ ಇಟ್ಟುಹೋಗಿದ್ದಾನೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಯೇಸುಸ್ವಾಮಿ ಅದನ್ನು ಅರ್ಧ ಪ್ರಾರ್ಥನೆ ಅಂತ ವಾಪಸ್ ಕಳಿಸಲಿಲ್ಲ, ಮಗನನ್ನು ವಾಸಿ ಮಾಡಿದರು.

ಪೇಟಿಯ ಹೋಲಿಕೆ ಇಲ್ಲಿಯ ತನಕ ಬಂತು. ಇನ್ನು ಮುಂದೆ ಅದು ಕುಂಟುತ್ತದೆ, ಕುಂಟುವುದನ್ನು ಮುಚ್ಚಿಡುವುದು ಮೋಸ. ಸಂಗೀತದಲ್ಲಿ ಮೊದಲು ಪಾಠ, ಕಡೆಗೆ ಕಛೇರಿ. ಯೋಗ್ಯತೆ ಬಂದ ಮೇಲೆ ವೇದಿಕೆ. ನಮ್ಮಲ್ಲಿ ಮೊದಲೇ ಮಗನೆಂದು, ಮಗಳೆಂದು ಕರೆದಾಗಿದೆ, ಪಾಠ ಆಮೇಲೆ. ಯೇಸುಸ್ವಾಮಿಯ ಪಕ್ಕದ ಶಿಲುಬೆಯ ಮೇಲಿದ್ದ ಆ ಕಳ್ಳ ಒಂದು ಸರಳೆ ವರಸೆಯನ್ನೂ ಕಲಿತವನಲ್ಲ. ಅವನಿಗೆ ಸ್ವಾಮಿ ‘ಇಂದೇ ನನ್ನ ಸಂಗಡ ಪರದೈಸಿನಲ್ಲಿರುವಿ’ ಅಂದರು. ಇನ್ನೊಂದು ವ್ಯತ್ಯಾಸವೂ ಇದೆ. ಕಿವಿಯೇ ಇಲ್ಲದವನಿಗೆ ‘ನಿನಗಿದು ಬರಲ್ಲಪ್ಪ, ಬೇರೇನಾದರೂ ನೋಡು’ ಎಂದು ಹೇಳಿ ಕಳಿಸುವ ಹಕ್ಕು ಸಂಗೀತದ ಮಾಸ್ತರಿಗುಂಟು. ಇಲ್ಲಿ ಯಾರಿಗೂ ಹಾಗೆ ಹೇಳುವಂತಿಲ್ಲ. ಫಿಲಿಪ್ಪಿಯವರಿಗೆ ಪೌಲ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಬರೆದ: ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ, ಯಾಕೆಂದರೆ ನಿಮ್ಮೊಳಗೆ ಇಚ್ಛೆಯನ್ನೂ ಕೆಲಸವನ್ನೂ ಉಂಟುಮಾಡುವವನು ದೇವರೇ. ಯಾವ ಮಾಸ್ತರೂ ಶಿಷ್ಯನ ಒಳಗೆ ಕೂತು ಬೆರಳಾಡಿಸಲಾರ. ಹಾಗಾದರೆ ಅಭ್ಯಾಸ ಯಾಕೆ? ಗಳಿಸುವುದಕ್ಕಲ್ಲ. ಕೊಟ್ಟ ವಾದ್ಯವನ್ನು ಬಟ್ಟೆ ಮುಚ್ಚಿ ಮೂಲೆಯಲ್ಲಿಡಬಾರದು ಅಂತ. ಮುಚ್ಚಿಟ್ಟ ಪೇಟಿಯ ರೀಡಿಗೆ ಧೂಳು ಹಿಡಿಯುತ್ತದೆ, ತಿದಿಗೆ ಇಲಿ ಬೀಳುತ್ತದೆ.

ಕಡೆಯದಾಗಿ ಸಾಥ್ ಬಗ್ಗೆ, ಅಂದರೆ ಹಾಡುವವರ ಜೊತೆಗೆ ನುಡಿಸುವುದರ ಬಗ್ಗೆ. ಹಾರ್ಮೋನಿಯಂನವರು ಬಹುಪಾಲು ಸಾಥಿಗೆ ಕೂರುವವರು. ಒಂಟಿಯಾಗಿ ನುಡಿಸುವಾಗ ಹುಲಿಯಾಗಿರುವವನು ಸಾಥಿಗೆ ಕೂತರೆ ತಡವರಿಸುತ್ತಾನೆ. ಯಾಕೆಂದರೆ ಅಲ್ಲಿ ಹಾಡುವವರ ಹಿಂದೆ ಹೋಗಬೇಕು, ಕೂದಲೆಳೆಯಷ್ಟು ಹಿಂದೆ. ಮುಂದೆ ಹೋದರೆ ಎಳೆದ ಹಾಗೆ, ತೀರಾ ಹಿಂದೆ ಬಿದ್ದರೆ ಬಿಟ್ಟ ಹಾಗೆ. ಕಂಪನಿ ನಾಟಕದಲ್ಲಿ ಕಾಲು ಪೆಟ್ಟಿಗೆಯವರು, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂನವರು, ರಂಗದ ಮುಂದೆ ಕೂತು ನಟನ ಬಾಯನ್ನೇ ನೋಡುತ್ತಿದ್ದರು. ನಂಬಿಕೆಯಲ್ಲಿ ಪಕ್ವತೆ ಅಂದರೆ ನನಗೆ ಕಾಣುವುದು ಇದು. ಚಿಕ್ಕ ವಯಸ್ಸಿನಲ್ಲಿ ‘ದೇವರೇ, ನಾನು ಇದನ್ನು ಮಾಡ್ತೀನಿ, ನೀನು ಸಹಾಯ ಮಾಡು’ ಅನ್ನುತ್ತೇವೆ. ಬೆಳೆದ ಹಾಗೆ ‘ನೀನು ಏನು ಮಾಡ್ತಾ ಇದ್ದೀ, ನಾನು ಜೊತೆಗೆ ಕೂರಲೇ’ ಎಂದು ಕೇಳಲು ಶುರು ಮಾಡುತ್ತೇವೆ. ಯೇಸುವಿನ ಶಿಷ್ಯ ಪೇತ್ರನಿಗೆ ಕೆರೆದಂಡೆಯಲ್ಲಿ ಸಿಕ್ಕಿದ ಕರೆಯೂ ‘ನನ್ನನ್ನು ಹಿಂಬಾಲಿಸು’ ಎಂಬುದೇ, ಯೇಸುವಿನ ಪುನರುತ್ಥಾನವಾದ ಮೇಲೆ ಅದೇ ಕೆರೆಯ ದಂಡೆಯಲ್ಲಿ ಕೇಳಿದ ಮಾತೂ ಅದೇ. ನಡುವೆ ಅಷ್ಟೆಲ್ಲ ನಡೆದರೂ ಪಾಠ ಬದಲಾಗಲಿಲ್ಲ.

ಸಾಥ್ ಮನೆಯಲ್ಲಿ ಒಬ್ಬರೇ ಕೂತು ಕಲಿಯುವ ವಿದ್ಯೆಯಲ್ಲ. ವೆಸ್ಲಿ 1761ರಲ್ಲಿ ಹಾಡುವವರಿಗೆ ಏಳು ನಿಯಮ ಬರೆದ. ಎಲ್ಲರೂ ಹಾಡಿ, ಸ್ವಲ್ಪ ಆಯಾಸವೆಂದು ತಪ್ಪಿಸಿಕೊಳ್ಳಬೇಡಿ. ಬೇರೆಯವರಿಗಿಂತ ಮೇಲೆ ಕೇಳಿಸಬೇಕೆಂದು ಕಿರುಚಬೇಡಿ. ತಪ್ಪಾಗಿ ಕಲಿತಿದ್ದರೆ ಬೇಗ ಮರೆಯಿರಿ. ನಮ್ಮ ಗಾಯನ ತಂಡದ ಕೋಣೆಯಲ್ಲಿ ಬರೆದು ಅಂಟಿಸುವ ಹಾಗಿದೆ, ವಿಶೇಷವಾಗಿ ಆ ಕಿರುಚುವ ಮಾತು. ಮೈಕ್ ಬಂದ ಮೇಲಂತೂ. ಬೈಬಲಿನ ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದಲ್ಲಿ ದೇವಾಲಯದ ಸಂಗೀತಗಾರರ ಲೆಕ್ಕವಿದೆ, ಪಳಗಿದವರು 288 ಮಂದಿ. ಸರದಿ ಗೊತ್ತು ಮಾಡಲು ಚೀಟಿ ಹಾಕುವಾಗ ದೊಡ್ಡವನು ಚಿಕ್ಕವನು, ಗುರು ಶಿಷ್ಯ ಎಂಬ ಭೇದ ಮಾಡಲಿಲ್ಲ ಎಂದು ಬರೆದಿದೆ.

ಅದಕ್ಕೇ ಒಂದು ಬೇಡಿಕೆ ಇಡುತ್ತೇನೆ. ನಮ್ಮ ಅಭ್ಯಾಸಕ್ಕೆ ಈಗ ಹುಡುಗರು ಮಾತ್ರ ಬರುತ್ತಾರೆ, ಕೀಬೋರ್ಡಿನಲ್ಲಿ ಶ್ರುತಿ ತಾನೇ ಬದಲಿಸಿಕೊಡುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಬೇಗ ಮುಗಿಸಿ ಹೋಗುತ್ತಾರೆ. ಹಿರಿಯರು ಹಿಂದಿನ ಬೆಂಚಿನಲ್ಲಿ ಕೂತು ‘ಹಳೇ ಮಟ್ಟು ಹೀಗಿರಲಿಲ್ಲ’ ಅಂತ ಗೊಣಗುತ್ತಾರೆ. ಹಳೆಯ ಕೀರ್ತನೆಗಳಲ್ಲಿ ಕೆಲವುಗಳ ಮಟ್ಟು ಈಗ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿದೆ. ಈ ಶನಿವಾರದಿಂದ ಅವರನ್ನು ಕರೆದುಕೊಂಡು ಬನ್ನಿ, ಬೇಕಾದರೆ ಬೈಕಿನ ಹಿಂದೆ ಕೂರಿಸಿಕೊಂಡು ಬನ್ನಿ. ಅವರು ಹಾಡಲಿ, ನೀವು ಹಿಂದೆ ಹಿಡಿಯಿರಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸ್ವರ ಹಾಕಿಕೊಡುವುದಕ್ಕೆ ನಾನು ಪೇಟಿ ತರುತ್ತೇನೆ.