ನಮ್ಮ ಶಾಲೆ ಗೇಟಿನ ಮುಂದೆ ಮಕ್ಕಳು ಎಣಿಸಿದ್ದು
(ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಪೋಷಕರ ಸಭೆಯಲ್ಲಿ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಬ್ಬು ಕಟಾವಿನ ಕಾಲ, ಆಳು ಸಿಗೋದೇ ಕಷ್ಟ, ಅಂಥದ್ದರಲ್ಲಿ ಇಷ್ಟು ಜನ ಬಂದಿದ್ದೀರಿ. ಜಾಸ್ತಿ ಹೊತ್ತು ಹಿಡಿಯೋದಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈ ಮೇಜಿನ ಮೇಲೆ ಎರಡು ಹಾರ್ಲಿಕ್ಸ್ ಬಾಟಲಿ ಇದೆ, ನೋಡಿ. ಒಳಗಿರೋದು ಹುಣಸೆ ಬೀಜ. ಐದನೇ ಕ್ಲಾಸಿನ ಮಕ್ಕಳು ಒಂದು ವಾರ ಬೆಳಿಗ್ಗೆ ಗೇಟಿನ ಒಳಗಡೆ ಜಗುಲಿ ಮೇಲೆ ಕೂತು ಎಣಿಸಿದ್ದು ಇದು. ಬೈಕಿನಲ್ಲಿ ಬಂದ ಮಗುವಿನ ತಲೆ ಮೇಲೆ ಹೆಲ್ಮೆಟ್ ಇದ್ದರೆ ಎಡಗಡೆ ಬಾಟಲಿಗೆ ಒಂದು ಬೀಜ, ಇಲ್ಲದಿದ್ದರೆ ಬಲಗಡೆ ಬಾಟಲಿಗೆ. ಬಲಗಡೆಯದಕ್ಕೆ ಮುಚ್ಚಳ ಹಾಕೋಕೆ ಆಗಲಿಲ್ಲ. ಎಡಗಡೆಯದರಲ್ಲಿ ಬೀಜ ತಳವನ್ನೂ ಮುಚ್ಚಿಲ್ಲ, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಮೊದಲನೇ ದಿನ ಒಬ್ಬಳು ಹುಡುಗಿ ಬೀಜ ಕೈಯಲ್ಲಿ ಹಿಡ್ಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, 'ಮಿಸ್, ನನ್ನದೂ ಹಾಕ್ಬೇಕಾ? ನಮ್ಮಪ್ಪ ಬಿಟ್ಟು ಹೋಗಿದ್ದು.' ಹಾಕು ಅಂದೆ. ಹಾಕಿದಳು. ವಾರ ಪೂರ್ತಿ ದಿನಕ್ಕೊಂದು ಹಾಕಿದಳು. ಆ ಅಪ್ಪ ಯಾರು ಅಂತ ನಾನು ಹೇಳೋದಿಲ್ಲ.

ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕೇ ಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಚಿಕ್ಕ ಮಗು ಆದರೂ, 2023ರ ಫೆಬ್ರವರಿಯಿಂದ, ಹೆಲ್ಮೆಟ್ ಜೊತೆಗೆ ಓಡಿಸುವವರಿಗೆ ಮಗುವನ್ನು ಕಟ್ಟಿಕೊಳ್ಳೋ ಬೆಲ್ಟ್ ಇರಬೇಕು, ಗಾಡಿಯ ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಹೈಸ್ಕೂಲಿಗೆ ಹೋಗೋ ಅಣ್ಣನ ಕೈಗೆ ಕೀ ಕೊಟ್ಟು 'ತಂಗೀನ ಬಿಟ್ಟು ಬಾ' ಅಂತ ಕಳಿಸುವವರೂ ಇದ್ದೀರಿ. 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. 2019ರ ತಿದ್ದುಪಡಿಯಲ್ಲೇ ಇದು ಬಂದಿದೆ. ನನಗೆ ದಂಡದ ಚಿಂತೆ ಅಲ್ಲ, ಆ ಹುಡುಗನ ಹಿಂದೆ ಕೂತಿರೋ ತಂಗೀದು.

ಇನ್ನೊಂದು ತೋರಿಸುತ್ತೇನೆ. ಈ ಚಾರ್ಟ್ ಹಾಳೆ ಮೇಲೆ ಮಕ್ಕಳು ನಮ್ಮೂರ ನಕ್ಷೆ ಬರೆದಿದ್ದಾರೆ. ಅರಳಿಕಟ್ಟೆ, ಹಾಲಿನ ಡೈರಿ, ರೇಷನ್ ಅಂಗಡಿ, ನಾಲೆ ಏರಿ, ಆ ಕಡೆ ಸರ್ವಿಸ್ ರೋಡು. ಶಾಲೆಗೆ ಬರೋವಾಗ ಎಲ್ಲೆಲ್ಲಿ ಭಯ ಆಗುತ್ತದೋ ಅಲ್ಲಿ, ಹಣೆಗೆ ಇಡ್ತೀವಲ್ಲ, ಆ ಕೆಂಪು ಸ್ಟಿಕ್ಕರ್ ಅಂಟಿಸಿ ಅಂದಿದ್ದೆ. ಸರ್ವಿಸ್ ರೋಡಲ್ಲೇ ಜಾಸ್ತಿ ಬೀಳುತ್ತದೆ ಅಂದುಕೊಂಡಿದ್ದೆ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡೋದಿಲ್ಲ, ಅವೆಲ್ಲ ಇಳಿದು ಸರ್ವಿಸ್ ರೋಡಿಗೇ ಬಂದಿವೆ, ರಾಂಗ್ ಸೈಡಲ್ಲಿ ಬರುವವರೂ ಅಲ್ಲೇ. ಆದರೆ ಅತಿ ಹೆಚ್ಚು ಸ್ಟಿಕ್ಕರ್ ಬಿದ್ದಿರೋದು ಎಲ್ಲಿ ಗೊತ್ತಾ? ಇಲ್ಲಿ. ನಮ್ಮ ಗೇಟಿನ ಮುಂದೆ. ಒಂದರ ಮೇಲೊಂದು ಅಂಟಿಸಿ ಶಾಲೆಯ ಹೆಸರೇ ಮುಚ್ಚಿಹೋಗಿದೆ.

ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮಾರನೇ ದಿನ ಒಂಬತ್ತೂವರೆಗೆ ಗೇಟಲ್ಲಿ ನಿಂತು ನೋಡಿದೆ. ಒಬ್ಬರು ಗಾಡಿ ತಿರುಗಿಸುತ್ತಿದ್ದಾರೆ, ಓಮ್ನಿ ಹಿಂದಕ್ಕೆ ಬರುತ್ತಿದೆ, ಇಬ್ಬರು ನಡುರಸ್ತೆಯಲ್ಲೇ ನಿಂತು ಮಾತಾಡುತ್ತಿದ್ದಾರೆ, ಇವರ ಮಧ್ಯೆ ಒಂದನೇ ಕ್ಲಾಸಿನ ಮಗು ಬ್ಯಾಗು ಹೊತ್ಕೊಂಡು ನುಸುಳುತ್ತಿದೆ. ಓಮ್ನಿ ಹಿಂದೆ ಆ ಮಗು ನಿಂತರೆ ಡ್ರೈವರಿಗೆ ತಲೆ ಕೂಡ ಕಾಣಿಸೋದಿಲ್ಲ. ರಸ್ತೆಯಲ್ಲಿ ಗಾಡಿ ಜಾಸ್ತಿ, ಮಗು ನಡೆದು ಹೋಗೋದು ಬೇಡ ಅಂತ ನಾವು ಗಾಡಿ ತೆಗೆಯುತ್ತೇವೆ, ಪಕ್ಕದ ಮನೆಯವರು ನಮ್ಮ ಗಾಡಿ ನೋಡಿ ಅವರೂ ತೆಗೆಯುತ್ತಾರೆ, ಹೀಗೆ ಎಲ್ಲರ ಗಾಡಿಯೂ ಒಂದೇ ಹೊತ್ತಿಗೆ ಇದೇ ಗೇಟಿಗೆ ಬಂದು ಸೇರುತ್ತವೆ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಮಕ್ಕಳು ಹೆದರುತ್ತಿರೋದು ಆ ಗಾಡಿಗಳಿಗೇ.

'ಮಿಸ್, ನಿಧಾನಕ್ಕೇ ಬರ್ತೀವಿ' ಅಂತೀರಿ. ಹಾಗಾದರೆ ಮೈದಾನಕ್ಕೆ ಬನ್ನಿ. ಖೋ ಖೋ ಅಂಕಣಕ್ಕೆ ಹಾಕೋ ಸುಣ್ಣದ ಪುಡಿಯಲ್ಲಿ ಮಕ್ಕಳು ಗೆರೆ ಎಳೆದಿದ್ದಾರೆ. 40 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಮಗು ಅಡ್ಡ ಬಂತು ಅಂತ ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಇಟ್ಟುಕೊಳ್ಳಿ. ಅಷ್ಟರಲ್ಲಿ ಗಾಡಿ ಮೊದಲನೇ ಗೆರೆಯಿಂದ ಎರಡನೇ ಗೆರೆಗೆ ಬಂದಿರುತ್ತದೆ, ಬ್ರೇಕ್ ಹಿಡಿಯೋದು ಅಲ್ಲಿಂದ ಆಚೆಗೆ. 20ರಲ್ಲಿ ಬಂದರೆ ಅದೇ ದೂರ ಐದೂವರೆ ಮೀಟರ್. ಆ ಎರಡು ಗೆರೆಯ ನಡುವೆ ಒಂದು ಸಲ ನಡೆದು ನೋಡಿ, ಆಮೇಲೆ ಮಾತಾಡೋಣ.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮಕ್ಕಳು ರಸ್ತೆ ಸುರಕ್ಷತೆ ಬಗ್ಗೆ ಹೇಳುತ್ತಿದ್ದಾರೆ ಅಂದಮಾತ್ರಕ್ಕೆ ಜವಾಬ್ದಾರಿ ಅವರದ್ದಾಗೋದಿಲ್ಲ. ಒಂಬತ್ತು ಹತ್ತು ವರ್ಷದವರೆಗೆ ಮಕ್ಕಳಿಗೆ ದೂರದಲ್ಲಿ ಬರೋ ಗಾಡಿಯ ವೇಗ ಅಂದಾಜು ಸಿಗೋದು ಕಷ್ಟ. 'ನೋಡ್ಕೊಂಡು ದಾಟು' ಅಂದರೆ ಮಗು ನೋಡುತ್ತದೆ, ಆದರೆ ಲೆಕ್ಕ ತಪ್ಪುತ್ತದೆ. ಅದು ಮಗುವಿನ ತಪ್ಪಲ್ಲ.

ನಕ್ಷೆಯಲ್ಲಿ ನಾಲೆ ಏರಿ ಮೇಲೂ ಸ್ಟಿಕ್ಕರ್ ಇದೆ. 2018ರ ನವೆಂಬರ್ 24, ಶನಿವಾರ, ಕನಗನಮರಡಿ ಹತ್ತಿರ ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ಬಸ್ ಬಿದ್ದು 30 ಜನ ತೀರಿಹೋದರು, ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಮ್ಮ ಮಕ್ಕಳಿಗೆ ಅದು ನೆನಪಿರೋ ವಯಸ್ಸಲ್ಲ, ಮನೆಯಲ್ಲಿ ಕೇಳಿಸಿಕೊಂಡಿದ್ದಾರೆ. ತಿರುವಿನಲ್ಲಿ ತಡೆಗೋಡೆ ಬೇಕು ಅಂತ ಅವರೇ ಪಂಚಾಯ್ತಿಗೆ ಅರ್ಜಿ ಬರೆದು ಕೊಟ್ಟಿದ್ದಾರೆ. ಸೀಲು ಹಾಕಿದ ಪ್ರತಿ ಬೀರುವಿನಲ್ಲಿದೆ. ದೊಡ್ಡವರೂ ಜೊತೆಗೆ ಹೋಗಿ ಕೇಳಿದರೆ ಬೇಗ ಆಗುತ್ತದೆ.

ಕಬ್ಬಿನ ಗಾಡಿ ವಿಷಯವೂ ಅಷ್ಟೇ. ಟ್ರೇಲರ್ ತುಂಬಿ ಹಿಂದಕ್ಕೆ ಕಬ್ಬು ಚಾಚಿಕೊಂಡಿರುತ್ತದೆ, ಕತ್ತಲಾದರೆ ಹಿಂದಿನಿಂದ ಬರುವವರಿಗೆ ಏನೂ ಕಾಣೋದಿಲ್ಲ. ಈ ಶನಿವಾರ ಮಕ್ಕಳು ರೇಡಿಯಂ ಸ್ಟಿಕ್ಕರ್ ಹಿಡ್ಕೊಂಡು ನಿಮ್ಮ ಮನೆ ಹತ್ತಿರ ಬರುತ್ತಾರೆ. ಟ್ರ್ಯಾಕ್ಟರ್, ಎತ್ತಿನಗಾಡಿ ಎರಡಕ್ಕೂ ಅಂಟಿಸುತ್ತಾರೆ. ಧೂಳು ಒರೆಸಿ ಇಟ್ಟಿರಿ, ಇಲ್ಲದಿದ್ದರೆ ಅಂಟೋದಿಲ್ಲ. ಸುಮ್ನೆ ಬೈದು ಕಳಿಸಬೇಡಿ. ಮಕ್ಕಳು ಕಬ್ಬು ಕೀಳೋಕೆ ಓಡುವ ಗಾಡಿ ಹಿಂದೆ ಓಡುತ್ತಾರೆ ಅಂತ ನೀವು ದೂರು ಹೇಳಿದ್ದಿರಿ, ಅದನ್ನೂ ಅವರಿಗೆ ಹೇಳಿದ್ದೇನೆ.

ಈಗ ಮುಖ್ಯವಾದದ್ದು. ಶಿಕ್ಷಣ ಹಕ್ಕಿನ ನಿಯಮದ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಇರಬೇಕು. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನರ ಮನೆ ಅಷ್ಟರೊಳಗೇ ಇದೆ, ಅಂದರೆ ಕಾಲು ಗಂಟೆ ನಡಿಗೆ. ಮಕ್ಕಳು ದಿನಕ್ಕೆ 60 ನಿಮಿಷ ಮೈ ಬಗ್ಗಿಸಿ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹೋಗೋದು ಬರೋದು ಸೇರಿದರೆ ಅರ್ಧ ಅಲ್ಲೇ ಮುಗಿಯಿತು ಅಲ್ವಾ? ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಅನ್ನೋ ಊರಲ್ಲಿ 1998ರಲ್ಲಿ 'ನಡೆಯುವ ಬಸ್' ಅಂತ ಶುರು ಮಾಡಿದರು. ಬಸ್ಸೂ ಇಲ್ಲ, ಡೀಸೆಲ್ಲೂ ಇಲ್ಲ. ಮಕ್ಕಳು ಸಾಲಾಗಿ ನಡೆಯುತ್ತಾರೆ, ಮುಂದೆ ಒಬ್ಬರು ದೊಡ್ಡವರು, ಹಿಂದೆ ಒಬ್ಬರು, ದಾರಿಯಲ್ಲಿ ಸ್ಟಾಪು, ಸ್ಟಾಪಲ್ಲಿ ಕಾಯೋ ಮಕ್ಕಳು ಸೇರಿಕೊಳ್ಳುತ್ತಾರೆ. ಇಲ್ಲಿ ಕೂತಿರೋ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣಿಸದೇ ಇರಬಹುದು. ನಾನೂ ಗುಂಪಲ್ಲೇ ನಡೆದು ಶಾಲೆಗೆ ಹೋದವಳು. ಆದರೆ ಅವತ್ತಿನ ರಸ್ತೆ ಬೇರೆ, ಇವತ್ತಿನದು ಬೇರೆ, ಅದಕ್ಕೇ ಈಗ ದೊಡ್ಡವರು ಜೊತೆಗಿರಬೇಕು.

ನಮ್ಮ ಸಾಲು ಸೋಮವಾರ ಹೊರಡುತ್ತದೆ. ಒಂಬತ್ತು ಗಂಟೆಗೆ ಹಾಲಿನ ಡೈರಿ, ಆಮೇಲೆ ರೇಷನ್ ಅಂಗಡಿ, ಆಮೇಲೆ ಅರಳಿಕಟ್ಟೆ. ಸ್ಟಾಪಿನ ಬೋರ್ಡು ಮಕ್ಕಳೇ ಬರೆದಿದ್ದಾರೆ. ಫುಟ್‌ಪಾತ್ ಇಲ್ಲದ ಕಡೆ ಬಲಗಡೆ ಅಂಚಿನಲ್ಲೇ ನಡೆಯುತ್ತೇವೆ, ಎದುರಿಗೆ ಬರೋ ಗಾಡಿ ಕಣ್ಣಿಗೆ ಕಾಣಬೇಕು. ದೂರದಿಂದ ಗಾಡಿಯಲ್ಲೇ ಬರಬೇಕಾದವರು ಅರಳಿಕಟ್ಟೆ ಹತ್ತಿರ ಇಳಿಸಿ, ಮಗು ಅಲ್ಲಿಂದ ಸಾಲಿಗೆ ಸೇರಲಿ. ಗೇಟಿನ ತನಕ ಗಾಡಿ ತರಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಮುಂದೆ ನಡೆಯೋಕೆ ವಾರ ಪೂರ್ತಿ ಜನ ಸಿಕ್ಕಿದ್ದಾರೆ. ಹಿಂದೆ ನಡೆಯೋಕೆ ಬುಧವಾರ, ಶುಕ್ರವಾರ ಎರಡು ದಿನಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಪುಸ್ತಕ ಇಲ್ಲೇ ಬಾಟಲಿ ಪಕ್ಕದಲ್ಲಿದೆ, ಪೆನ್ನೂ ಇದೆ. ಹೋಗೋ ಮುಂಚೆ ಬರೆದು ಹೋಗಿ.